ಅಜ್ಜನ ಬೆಣಚುಕಲ್ಲಲ್ಲಿ ಹೊಳೆಯೋದು ಚಿನ್ನಾನಾ, ಕಾಗೆಬಂಗಾರಾನಾ?

ಬಂಗಾರಪೇಟೆ ಅಮ್ಮ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ನನ್ನದಲ್ಲ, ಒಂಬತ್ತನೇ ಕ್ಲಾಸಿನ ಮಗಳದ್ದು. ನಮ್ಮ ಅತ್ತೆ ಮನೆ ಕೆಜಿಎಫ್‌ನಲ್ಲಿ. ಮಾವ ಗಣಿಯಲ್ಲಿ ಕೆಲಸ ಮಾಡಿದವರು, ಈಗ ಇಲ್ಲ. ಅವರು ಇಟ್ಟುಕೊಂಡಿದ್ದ ಮುಷ್ಟಿ ಗಾತ್ರದ ಬಿಳಿ ಬೆಣಚುಕಲ್ಲು ದೇವರ ಮನೆಯ ಗೂಡಿನಲ್ಲಿದೆ. ಅದರಲ್ಲಿ ಹಳದಿ ಚುಕ್ಕಿಗಳು ಮಿರಮಿರ ಮಿನುಗುತ್ತವೆ. ಇದು ಒಂದು. ಇನ್ನೊಂದು, ಹೋದ ಭಾನುವಾರ ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋದಾಗ ದಾರಿಯ ಮರಳಲ್ಲಿ ಹೊಂಬಣ್ಣದ ತೆಳ್ಳನೆ ಚೂರುಗಳು ಸಿಕ್ಕವು. ಮಗಳು ಬೆಂಕಿಪೊಟ್ಟಣದ ತುಂಬ ತಂದಿದ್ದಾಳೆ. ಎರಡೂ ಚಿನ್ನವೇ ಅಂತ ಅವಳ ವಾದ.

ಜೊತೆಗೆ ಇನ್ನೊಂದು ತಲೆನೋವು. ವಜ್ರವೂ ಪೆನ್ಸಿಲ್ ಕಡ್ಡಿಯೂ ಒಂದೇ ಕಾರ್ಬನ್ ಅಂತ ಪುಸ್ತಕದಲ್ಲಿದೆಯಂತೆ. ಹಾಗಾದರೆ ಒಂದು ಗಾಜು ಕೊಯ್ಯುತ್ತದೆ, ಇನ್ನೊಂದು ಕಾಗದಕ್ಕೆ ಮೆತ್ತಿಕೊಳ್ಳುತ್ತದೆ, ಯಾಕೆ? ಕ್ಲಾಸಿನಲ್ಲಿ "ಪರಮಾಣುಗಳ ಜೋಡಣೆ ಬೇರೆ" ಅಂದು ಮುಂದಿನ ಪಾಠಕ್ಕೆ ಹೋದರಂತೆ. ನಾನು ಬಿಕಾಂ ಓದಿದವಳು, ನನ್ನ ಕೈಲಿ ಆಗಲ್ಲ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತುಮಕೂರು ಸೈಕಲ್

ಅಕ್ಕಾ, ಮೊದಲು ತೂಕ ಹೇಳಿ. ಚಿನ್ನದ ರೇಟು ನೋಡಿದ್ದೀರಾ? ವಿಜ್ಞಾನ ಆಮೇಲೆ ನೋಡೋಣ.

ಚಾಂಪಿಯನ್ ರೀಫ್ ಹುಡುಗ

ನಮ್ಮಪ್ಪನೂ ಗಣಿಯೊಳಗೆ ಇಳಿದವರೇ. ಒಂದು ಮಾತು ಹೇಳ್ತೀನಿ, ಆಸೆ ಇಟ್ಟುಕೊಳ್ಳಬೇಡಿ. ಕೆಜಿಎಫ್ ಚಿನ್ನ ಬಹುಪಾಲು ಕಣ್ಣಿಗೆ ಕಾಣುತ್ತಿರಲಿಲ್ಲ. ಬೆಣಚುಕಲ್ಲಿನ ಸೆಲೆಯೊಳಗೆ ಧೂಳಿಗಿಂತ ಸಣ್ಣದಾಗಿ ಹರಡಿಕೊಂಡಿರುತ್ತಿತ್ತು. ಅದಕ್ಕೇ ಮೂರು ಕಿಲೋಮೀಟರಿಗೂ ಆಳದಿಂದ ಕಲ್ಲು ಎತ್ತಿ, ಮಿಲ್ಲಿನಲ್ಲಿ ಹಿಟ್ಟಾಗುವಂತೆ ಕುಟ್ಟಿ, ಸಯನೈಡಿನಲ್ಲಿ ಕರಗಿಸಿ ತೆಗೆಯುತ್ತಿದ್ದರು. ಕಣ್ಣಿಗೆ ಜೋರಾಗಿ ಹೊಳೆಯುವುದು ಹೆಚ್ಚಾಗಿ ಗಂಧಕ ಸೇರಿದ ಕಬ್ಬಿಣದ ಅದಿರು. ಹೊಸದಾಗಿ ಸೇರಿದವರು ಅದನ್ನು ನೋಡಿ ಬಾಯಿ ಬಿಟ್ಟರೆ ಹಳಬರು ನಗುತ್ತಿದ್ದರಂತೆ.

ಮಗಳನ್ನು ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಆ ಸಯನೈಡ್ ಗುಡ್ಡಗಳ ಕಡೆಗೆ ಕಲ್ಲು ಆಯಲು ಮಾತ್ರ ಕರೆದುಕೊಂಡು ಹೋಗಬೇಡಿ. ಅಲ್ಲಿನ ಅದಿರಲ್ಲಿ ಆರ್ಸೆನಿಕ್ ಇರುವ ಖನಿಜವೂ ಇತ್ತು. ಆ ಪುಡಿ ಮೂಗಿಗೆ, ಬಾಯಿಗೆ ಹೋಗುವುದು ಬೇಡ.

(ಗಣಿ ಮುಚ್ಚಿದ್ದು 2001ರ ಫೆಬ್ರವರಿ 28. ಅದೇ ದಿನ ರಾಷ್ಟ್ರೀಯ ವಿಜ್ಞಾನ ದಿನ. ಸ್ಕೂಲಲ್ಲಿ ಪ್ರತಿ ವರ್ಷ ಭಾಷಣ ಕೇಳುವಾಗ ನನಗೆ ಬೇರೇನೋ ನೆನಪಾಗುತ್ತಿತ್ತು.)

ಕೋಲಾರ ಮೇಷ್ಟ್ರು

ಸುಲಭದ್ದನ್ನು ಮೊದಲು ಮುಗಿಸೋಣ ತಾಯಿ. ಬೆಂಕಿಪೊಟ್ಟಣದಲ್ಲಿರುವುದು ಅಭ್ರಕ ಅಂತ ನನಗೆ ತೊಂಬತ್ತು ಪಾಲು ನಂಬಿಕೆ. ನಮ್ಮ ಗುಡ್ಡಗಳ ಕಲ್ಲಲ್ಲಿ ಕಪ್ಪು ಅಭ್ರಕ ಇರುತ್ತದೆ, ಅದರಲ್ಲಿ ಕಬ್ಬಿಣವಿದೆ. ಮಳೆ ಬಿಸಿಲಿಗೆ ಹಳತಾದಾಗ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಇದಕ್ಕೆ ಕಾಗೆಬಂಗಾರ ಅಂತ ಹೆಸರಿಟ್ಟ ನಮ್ಮ ಹಿರಿಯರಿಗೆ ಕೈ ಮುಗಿಯಬೇಕು. ಒಂದು ಚೂರು ತಗೊಂಡು ಸೂಜಿ ತುದಿಯಿಂದ ಅಂಚನ್ನು ಕೆದಕಲಿ. ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ, ಹಾಳೆ ಹಾಳೆಯಾಗಿ ಎದ್ದು ಬಂದರೆ ಮುಗಿಯಿತು. ಚಿನ್ನ ಹಾಗೆ ಏಳುವುದೇ ಇಲ್ಲ.

ಯಾಕೆ ಹಾಳೆಯಾಗಿ ಏಳುತ್ತದೆ ಅನ್ನುವುದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೆ. ಹರಳು ಅಂದರೆ ಹೊಳೆಯುವ ಕಲ್ಲು ಅಂತಲ್ಲ. ಪರಮಾಣುಗಳು ಒಂದು ಕ್ರಮದಲ್ಲಿ ಕೂತು, ಅದೇ ಕ್ರಮ ಮೂರು ದಿಕ್ಕಿಗೂ ಮತ್ತೆ ಮತ್ತೆ ಬಂದರೆ ಅದು ಹರಳು. ಸೀರೆಯಲ್ಲಿ ಒಂದೇ ಬುಟ್ಟಾ ಮತ್ತೆ ಮತ್ತೆ ಬರುವುದಿಲ್ಲವಾ, ಹಾಗೆ. ಅಡಿಗೆ ಮನೆಯ ಕಲ್ಲುಪ್ಪು ಹರಳು. ಕಲ್ಲುಸಕ್ಕರೆ ಹರಳು. ನಿಮ್ಮ ಬಳೆಯ ಗಾಜು ಎಷ್ಟು ಹೊಳೆದರೂ ಹರಳಲ್ಲ, ಅದರೊಳಗೆ ಕ್ರಮ ಇಲ್ಲ, ಸಂತೆ ಥರ.

ಅಭ್ರಕದಲ್ಲಿ ಸಿಲಿಕಾನ್, ಆಕ್ಸಿಜನ್, ಅಲ್ಯೂಮಿನಿಯಂ ಸೇರಿ ಹಾಳೆಗಳಾಗಿವೆ. ಹಾಳೆಯೊಳಗೆ ಬಲು ಗಟ್ಟಿ ಹಿಡಿತ. ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ ಪೊಟ್ಯಾಸಿಯಂ ಮಾತ್ರ, ಅದು ಸಡಿಲವಾದ ಅಂಟು. ಒಡೆಯುವಾಗ ಕಲ್ಲು ಯಾವಾಗಲೂ ಅಂಟು ಕಡಿಮೆ ಇರುವ ಜಾಗ ಹುಡುಕುತ್ತದೆ.

ಈಗ ಪೆನ್ಸಿಲ್‌ಗೆ ಬನ್ನಿ. ಅದರೊಳಗಿನದು ಸೀಸ ಅಲ್ಲ, ಗ್ರಾಫೈಟನ್ನು ಜೇಡಿಮಣ್ಣಿನ ಜೊತೆ ಕಲಸಿ ಸುಟ್ಟದ್ದು. ಗ್ರಾಫೈಟಿನಲ್ಲಿ ಒಂದು ಕಾರ್ಬನ್ ತನ್ನ ಮೂರು ನೆರೆಯವರ ಕೈ ಹಿಡಿದು ಜೇನುಗೂಡಿನ ಥರ ಹಾಳೆ ಮಾಡುತ್ತದೆ. ಹಾಳೆಯೊಳಗೆ ಎರಡು ಪರಮಾಣುಗಳ ನಡುವೆ 1.42 ಆಂಗ್‌ಸ್ಟ್ರಾಂ. ಹಾಳೆಯಿಂದ ಹಾಳೆಗೆ 3.35. ಆಂಗ್‌ಸ್ಟ್ರಾಂ ಅಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಎರಡು ಪಟ್ಟಿಗೂ ಜಾಸ್ತಿ ದೂರ ಇದೆ, ನಡುವೆ ಗಟ್ಟಿ ಬಂಧವೇ ಇಲ್ಲ, ಅದಕ್ಕೇ ಬರೆಯುವಾಗ ಹಾಳೆಗಳು ಜಾರಿ ಕಾಗದದ ಮೇಲೆ ಉಳಿಯುತ್ತವೆ. ವಜ್ರದಲ್ಲಿ ಪ್ರತಿ ಕಾರ್ಬನ್ನಿಗೂ ನಾಲ್ಕು ನೆರೆಯವರು, ನಾಲ್ಕೂ ಒಂದೇ ಬಿಗಿ, ನಾಲ್ಕು ದಿಕ್ಕಿಗೂ. ಜಾರುವುದಕ್ಕೆ ಸಡಿಲವಾದ ಪದರವೇ ಇಲ್ಲ. ಮಗಳಿಗೆ ತೂಕದ ಲೆಕ್ಕವನ್ನೂ ಹೇಳಿ, ಒಂದು ಘನ ಸೆಂಟಿಮೀಟರ್ ವಜ್ರ 3.5 ಗ್ರಾಂ, ಅಷ್ಟೇ ಗ್ರಾಫೈಟ್ ಸುಮಾರು 2.2 ಗ್ರಾಂ. ಅದೇ ಕಾರ್ಬನ್, ಒತ್ತಿ ಕೂತಿದ್ದಕ್ಕೆ ಅಷ್ಟು ವ್ಯತ್ಯಾಸ.

ತುಮಕೂರು ಸೈಕಲ್

ಮೇಷ್ಟ್ರೇ ಸೂಪರ್. ಅಂದ್ರೆ ವಜ್ರಕ್ಕೆ ಸುತ್ತಿಗೆಯಲ್ಲಿ ಬಾರಿಸಿದರೂ ಏನೂ ಆಗಲ್ಲ ಅಂತಾಯ್ತು. ಹೆಂಡತಿ ಉಂಗುರದ ಮೇಲೆ ಟ್ರೈ ಮಾಡಲಾ?

ಚಿಂತಾಮಣಿ ಅಕ್ಕಸಾಲಿ

ಅಯ್ಯೋ ಬೇಡ ಮಾರಾಯ್ರೆ! ಕಲ್ಲೂ ಹೋಗುತ್ತೆ, ಸಂಸಾರಾನೂ ಹೋಗುತ್ತೆ. ನಮ್ಮ ಅಂಗಡಿಗೆ ಅಂಚು ಮುಕ್ಕಾದ ವಜ್ರ ಬರುತ್ತಲೇ ಇರುತ್ತವೆ, ಬಚ್ಚಲ ಕಲ್ಲಿಗೆ ಬಡಿದದ್ದು, ಬೀರುವಿನ ಬಾಗಿಲಿಗೆ ಸಿಕ್ಕಿದ್ದು. ಗೀರು ಬೀಳಲ್ಲ, ಆದರೆ ಸರಿಯಾದ ಕಡೆ ಪೆಟ್ಟು ಬಿದ್ದರೆ ಸೀಳುತ್ತೆ.

ಕಲ್ಲು ಹುಚ್ಚಿ

ಅಣ್ಣ ಹೇಳಿದ್ದು ಸರಿ. ನಾನು ಭೂವಿಜ್ಞಾನ ಎಂಎಸ್ಸಿ ಓದುತ್ತಿದ್ದೇನೆ, ಇದು ನಮ್ಮ ಕ್ಲಾಸಿನಲ್ಲೂ ಎಲ್ಲರೂ ಎಡವುವ ಜಾಗ. ಗೀರಿಗೆ ಬಗ್ಗದಿರುವುದು ಬೇರೆ, ಪೆಟ್ಟಿಗೆ ಬಗ್ಗದಿರುವುದು ಬೇರೆ. ಖನಿಜಗಳ ಗಟ್ಟಿತನಕ್ಕೆ 1ರಿಂದ 10ರವರೆಗೆ ಅಂಕ ಕೊಡುವ ಮೋಸ್ ಪಟ್ಟಿಯಲ್ಲಿ ವಜ್ರ 10, ಅದು ಗೀರಿನ ಲೆಕ್ಕ ಅಷ್ಟೇ. ಮೇಷ್ಟ್ರು ನಾಲ್ಕು ದಿಕ್ಕಿಗೂ ಒಂದೇ ಬಿಗಿ ಅಂದರು, ನಿಜ, ಆದರೂ ಪರಮಾಣುಗಳನ್ನು ಕೆಲವು ಕೋನದಿಂದ ನೋಡಿದರೆ ಸಾಲುಗಳ ನಡುವೆ ದಾಟಿ ಹೋಗುವ ಬಂಧಗಳು ಕಡಿಮೆ. ಎಂಟು ಮುಖದ ಆಕಾರ ಬರುವ ಹಾಗೆ ನಾಲ್ಕು ದಿಕ್ಕಿನಲ್ಲಿ ಅಂಥ ಸಾಲುಗಳಿವೆ. ವಜ್ರ ಕತ್ತರಿಸುವವರು ಹಿಂದಿನಿಂದಲೂ ಆ ದಿಕ್ಕು ನೋಡಿಯೇ ಒಂದೇ ಪೆಟ್ಟಿಗೆ ಸೀಳುತ್ತಿದ್ದರು.

ಇದಕ್ಕಿಂತ ತಮಾಷೆ ಕಯನೈಟ್ ಅನ್ನುವ ನೀಲಿ ಖನಿಜದ್ದು. ಉದ್ದಕ್ಕೆ ಗೀರಿದರೆ ಗಟ್ಟಿತನ 5ರ ಆಸುಪಾಸು, ಚಾಕು ಗೀರುತ್ತದೆ. ಅಡ್ಡಕ್ಕೆ ಗೀರಿದರೆ 7ರ ಹತ್ತಿರ, ಚಾಕು ಸೋಲುತ್ತದೆ. ಒಂದೇ ಕಲ್ಲು, ಒಂದೇ ಚಾಕು. ಮೊದಲ ಸಲ ಲ್ಯಾಬಿನಲ್ಲಿ ಮಾಡಿದಾಗ ನಾನು ಚಾಕು ಬದಲಾಗಿದೆ ಅಂದುಕೊಂಡಿದ್ದೆ.

ಚಿಂತಾಮಣಿ ಅಕ್ಕಸಾಲಿ

ತಂಗಿ, ಈಗ ಬೆಣಚುಕಲ್ಲಿನ ಹಳದಿ ಚುಕ್ಕಿಗೆ ಬರೋಣ. ನಮ್ಮ ವಿದ್ಯೆಯಲ್ಲಿ ಇದಕ್ಕೆ ಒರೆಗಲ್ಲು ಇದೆ. ಕರೀ ನುಣುಪು ಕಲ್ಲಿನ ಮೇಲೆ ಉಜ್ಜಿದರೆ ಚಿನ್ನ ಹಳದಿ ಗೆರೆಯನ್ನೇ ಬಿಡುತ್ತೆ. ಅಕ್ಕನ ಮನೆಯಲ್ಲಿ ಒರೆಗಲ್ಲು ಇರಲ್ಲ, ಒಂದು ಹಳೆ ಟೈಲ್ಸ್ ಚೂರಿನ ಹಿಂಬದಿ, ಹೊಳಪಿಲ್ಲದ ಕಡೆ ಸಾಕು. ಚುಕ್ಕಿ ಇರುವ ಮೂಲೆಯನ್ನು ಅದರ ಮೇಲೆ ಉಜ್ಜಿ ನೋಡಿ. ಕಪ್ಪು ಹಸಿರು ಪುಡಿ ಬಂದರೆ ಅದು ಪೈರೈಟ್, ಕಬ್ಬಿಣ ಗಂಧಕ. ತಾಮ್ರ ಇರುವ ಅದಿರಾದರೂ ಹೆಚ್ಚುಕಡಿಮೆ ಹಾಗೇ ಬರುತ್ತೆ.

ಇನ್ನೊಂದು, ಸೂಜಿಯಿಂದ ಚುಚ್ಚಿ. ಪೈರೈಟ್ ಸೂಜಿಗೆ ಬಗ್ಗಲ್ಲ, ಒತ್ತಿದರೆ ಪುಡಿಯಾಗಿ ಸಿಡಿಯುತ್ತೆ. ಚಿನ್ನಕ್ಕೆ ಗುಳಿ ಬೀಳುತ್ತೆ, ಬೆಣ್ಣೆ ಥರ ಅಲ್ಲದಿದ್ದರೂ ಬೀಳುತ್ತೆ.

ನನಗೂ ಒಂದು ಪ್ರಶ್ನೆ ಇದೆ, ನಲವತ್ತು ವರ್ಷದಿಂದ ಕೇಳಬೇಕು ಅಂದುಕೊಂಡಿದ್ದೆ. ಚಿನ್ನದ ತಗಡು ಬಡಿಯುತ್ತಾ ಹೋದರೆ ಅದು ಬಿರುಸಾಗುತ್ತೆ, ಇನ್ನೂ ಬಡಿದರೆ ಅಂಚು ಬಿರಿಯುತ್ತೆ. ಕೆಂಪಗೆ ಕಾಯಿಸಿ ಆರಿಸಿದರೆ ಮತ್ತೆ ಮೆತ್ತಗೆ. ಅಪ್ಪ ಹೇಳಿಕೊಟ್ಟಿದ್ದು, ಮಾಡ್ತಾ ಬಂದೆ. ಯಾಕೆ ಹಾಗೆ?

ಕಲ್ಲು ಹುಚ್ಚಿ

ಅಣ್ಣಾ, ಇಂಥ ಪ್ರಶ್ನೆ ಬಂದರೆ ನನಗೆ ನಿದ್ದೆ ಬರಲ್ಲ. ಉದ್ದ ಬರೀತೀನಿ, ಬೈಕೋಬೇಡಿ.

ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿಯಲ್ಲಿ ಮೋಸಂಬಿ ಗೋಪುರ ಕಟ್ಟಿರುತ್ತಾರಲ್ಲ, ಕೆಳಗಿನ ಮೂರು ಹಣ್ಣಿನ ಕುಳಿಯಲ್ಲಿ ಮೇಲಿನ ಒಂದು ಹಣ್ಣು ಕೂರುವ ಹಾಗೆ, ಚಿನ್ನದ ಪರಮಾಣುಗಳು ಕೂತಿರುವುದೂ ಹಾಗೇ. ಒಂದಕ್ಕೆ ಸುತ್ತಲೂ ಹನ್ನೆರಡು ನೆರೆಯವರು. ಜಾಗದಲ್ಲಿ ನೂರಕ್ಕೆ 74 ಪಾಲು ತುಂಬುತ್ತದೆ. ಒಂದೇ ಗಾತ್ರದ ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಪೇರಿಸಲು ಆಗಲ್ಲ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಊಹಿಸಿದ್ದ. ಸಾಬೀತು ಮಾಡಲು ಥಾಮಸ್ ಹೇಲ್ಸ್ ಅನ್ನುವ ಗಣಿತಜ್ಞ ಬರಬೇಕಾಯಿತು, 1998ರಲ್ಲಿ. ತಳ್ಳುಗಾಡಿಯವರಿಗೆ ಮೊದಲೇ ಗೊತ್ತಿತ್ತು.

ಲೋಹದಲ್ಲಿ ಪರಮಾಣುಗಳು ಇಂಥವನ ಕೈಯನ್ನೇ ಹಿಡಿಯಬೇಕು ಅಂತ ಹಟ ಮಾಡಲ್ಲ. ಎಲ್ಲರ ಎಲೆಕ್ಟ್ರಾನೂ ಎಲ್ಲರಿಗೂ ಸೇರಿದ್ದು. ಹಾಗಾಗಿ ಒಂದು ಪದರ ಪಕ್ಕಕ್ಕೆ ಜಾರಿ ಮುಂದಿನ ಕುಳಿಯಲ್ಲಿ ಕೂತರೂ ಏನೂ ಮುರಿಯಲ್ಲ. ಆದರೆ ಇಡೀ ಪದರ ಒಟ್ಟಿಗೆ ಜಾರಲ್ಲ. ದೊಡ್ಡ ಜಮಖಾನ ಹಾಸಿದ ಮೇಲೆ ಒಂಚೂರು ಸರಿಸಬೇಕಾದರೆ ಏನು ಮಾಡ್ತೀವಿ? ಒಂದು ಕಡೆ ಸುಕ್ಕು ಮಾಡಿ, ಆ ಸುಕ್ಕನ್ನು ಕಾಲಲ್ಲಿ ತಳ್ಳಿಕೊಂಡು ಹೋಗ್ತೀವಿ. ಹರಳಿನಲ್ಲೂ ಅಂಥ ಸುಕ್ಕುಗಳಿವೆ, ಜೋಡಣೆಯ ತಪ್ಪುಗಳು. ಅವು ಓಡಾಡುವುದರಿಂದಲೇ ಚಿನ್ನ ಬಗ್ಗುತ್ತದೆ. ನೀವು ಬಡಿದಷ್ಟೂ ಹೊಸ ಸುಕ್ಕುಗಳು ಹುಟ್ಟಿ, ಒಂದಕ್ಕೊಂದು ತೊಡರಿಕೊಂಡು, ಕೊನೆಗೆ ಯಾವುದೂ ಅಲ್ಲಾಡದ ಹಾಗಾಗುತ್ತದೆ. ಅದೇ ನೀವು ಹೇಳಿದ ಬಿರುಸು. ಕಾಯಿಸಿದಾಗ ಪರಮಾಣುಗಳಿಗೆ ಓಡಾಡುವ ಶಕ್ತಿ ಬಂದು ಹೊಸ, ಸುಕ್ಕು ಕಡಿಮೆ ಇರುವ ಹರಳುಗಳು ಬೆಳೆಯುತ್ತವೆ. ಮತ್ತೆ ಮೆತ್ತಗೆ.

ನೀವು ತಾಮ್ರ ಸೇರಿಸುವುದೂ ಇದೇ ಕಥೆ. 22 ಕ್ಯಾರೆಟ್ ಅಂದರೆ ನೂರಕ್ಕೆ 91.6 ಚಿನ್ನ, ಅದೇ 916. ತಾಮ್ರದ ಪರಮಾಣು ಚಿನ್ನದ್ದಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಚಿಕ್ಕದು. ಮೋಸಂಬಿ ಗೋಪುರದಲ್ಲಿ ಅಲ್ಲಲ್ಲಿ ನಿಂಬೆಹಣ್ಣು ಸಿಕ್ಕಿಸಿದ ಹಾಗೆ. ಪದರ ಸಲೀಸಾಗಿ ಜಾರಲ್ಲ, ಒಡವೆ ಬೇಗ ಸವೆಯಲ್ಲ.

ಚಿಂತಾಮಣಿ ಅಕ್ಕಸಾಲಿ

ನಲವತ್ತು ವರ್ಷದ ಸಾಲ ತೀರಿತು ತಂಗಿ. ಮದುವೆಗೆ ಒಡವೆ ನಮ್ಮಲ್ಲೇ ಮಾಡಿಸು, ಕೂಲಿ ಕಡಿಮೆ ಮಾಡ್ತೀನಿ.

ಚಾಂಪಿಯನ್ ರೀಫ್ ಹುಡುಗ

ಒಂದು ತಕರಾರು. ಪೈರೈಟ್ ಹರಳೂ ಲೂಡೋ ದಾಳದ ಥರ ಚೌಕವೇ ಇರುತ್ತೆ, ಅಪ್ಪ ತಂದಿದ್ದ ಒಂದು ನಮ್ಮ ಮನೆಯಲ್ಲಿತ್ತು. ಮುಖದ ಮೇಲೆ ಸಣ್ಣ ಗೆರೆಗಳೂ ಇದ್ದವು. ಚಿನ್ನವೂ ಚೌಕ ಜೋಡಣೆ ಅಂತ ಓದಿದ್ದೇನೆ. ಜೋಡಣೆಯೇ ಎಲ್ಲಾ ಅನ್ನುವುದಾದರೆ ಒಂದು ತಗಡಾಗುತ್ತೆ, ಇನ್ನೊಂದು ಪುಡಿಯಾಗುತ್ತೆ, ಹೇಗೆ?

ಕಲ್ಲು ಹುಚ್ಚಿ

ಹಿಡಿದುಬಿಟ್ಟಿರಿ! ಜೋಡಣೆಯೊಂದೇ ಎಲ್ಲಾ ಅಲ್ಲ. ಎಲ್ಲಿ ಕೂತಿದ್ದಾರೆ ಅನ್ನುವುದರ ಜೊತೆಗೆ ಹೇಗೆ ಹಿಡಿದುಕೊಂಡಿದ್ದಾರೆ ಅನ್ನುವುದೂ ಬೇಕು. ಎರಡೂ ಘನಾಕೃತಿಯ ಗುಂಪಿಗೇ ಸೇರಿದವು, ನಿಜ. ಪೈರೈಟ್‌ನಲ್ಲಿ ಉಪ್ಪಿನ ಥರದ್ದೇ ಕಟ್ಟಡ, ಸೋಡಿಯಂ ಜಾಗದಲ್ಲಿ ಕಬ್ಬಿಣ, ಕ್ಲೋರಿನ್ ಜಾಗದಲ್ಲಿ ಗಂಧಕದ ಜೋಡಿಗಳು. ಆ ಜೋಡಿ ಬಂಧ, ಕಬ್ಬಿಣ ಗಂಧಕದ ಬಂಧ, ಎಲ್ಲಕ್ಕೂ ಗೊತ್ತಾದ ದಿಕ್ಕಿದೆ. ಪದರ ಜಾರಿದರೆ ಬಂಧ ಹರಿಯುತ್ತದೆ, ಹೊಸ ಜಾಗದಲ್ಲಿ ಹಿಡಿಯಲು ಕೈ ಇಲ್ಲ. ಹಾಗಾಗಿ ಗಟ್ಟಿತನ 6ರ ಮೇಲಿದ್ದರೂ ಪೆಟ್ಟಿಗೆ ಪುಡಿ. ಚಿನ್ನದ ಗಟ್ಟಿತನ ಮೂರೂ ಇಲ್ಲ, ಆದರೂ ಒಂದು ಗ್ರಾಂ ಚಿನ್ನವನ್ನು ಒಂದು ಚದರ ಮೀಟರಿನಷ್ಟು ಅಗಲಕ್ಕೆ ಬಡಿಯಬಹುದು.

ಅದೇ ಕಬ್ಬಿಣ, ಅದೇ ಗಂಧಕ, ಅದೇ ಅನುಪಾತ ಇಟ್ಟುಕೊಂಡು ಬೇರೆ ಥರ ಜೋಡಿಸಿದರೆ ಮಾರ್ಕಸೈಟ್ ಅಂತ ಇನ್ನೊಂದು ಖನಿಜ. ಪೆಟ್ಟಿಗೆಯಲ್ಲಿಟ್ಟರೂ ತೇವದ ಗಾಳಿಗೆ ವರ್ಷ ಕಳೆದಂತೆ ಪುಡಿಯಾಗುತ್ತದೆ. ಪೈರೈಟ್ ಅದಕ್ಕಿಂತ ತಾಳಿಕೆಯದ್ದು. ಕಾರ್ಬನ್ನಿನ ಕಥೆ ಬರೀ ಕಾರ್ಬನ್ನಿನದ್ದಲ್ಲ.

ಉಳಿ ಸುತ್ತಿಗೆ

ನಾನು ಮಾಲೂರು ತಾಲೂಕಿನ ಶಿವಾರಪಟ್ಟಣದವನು. ಓದಿರುವುದು ಕಡಿಮೆ, ಕಲ್ಲು ಕೆತ್ತುವುದು ಕಸುಬು. ಬಳಪದ ಕಲ್ಲು ಯಾಕೆ ಅಷ್ಟು ಮೆತ್ತಗೆ ಅಂತ ಕೇಳಬೇಕು ಅನ್ನಿಸಿತು. ಉಗುರಲ್ಲಿ ಗೀರಿದರೂ ಗೆರೆ ಬೀಳುತ್ತೆ. ಬೇಲೂರಿನ ಆ ಸರ, ಆ ಬಳ್ಳಿ ಕೆಲಸ ಎಲ್ಲ ಇಂಥ ಮೆದು ಕಲ್ಲಲ್ಲೇ ಆಗಿದ್ದು. ನಮ್ಮ ಗುಡ್ಡದ ಕಗ್ಗಲ್ಲಲ್ಲಿ ಅಷ್ಟು ಸಣ್ಣ ಕೆಲಸ ಮಾಡಹೋದರೆ ಕಾಳು ಕಾಳಾಗಿ ಎದ್ದು ಹೋಗುತ್ತೆ.

ಕೋಲಾರ ಮೇಷ್ಟ್ರು

ಶಿಲ್ಪಿಗಳೇ, ಅದರಲ್ಲಿರುವುದು ಟಾಲ್ಕ್, ಮುಖಕ್ಕೆ ಹಾಕುವ ಪೌಡರಿನದ್ದೇ ಖನಿಜ. ಅದೂ ಅಭ್ರಕದ ಹಾಗೆ ಹಾಳೆಹಾಳೆ. ಅಭ್ರಕದಲ್ಲಿ ಹಾಳೆಗಳ ನಡುವೆ ಪೊಟ್ಯಾಸಿಯಂ ಅಂಟಾದರೂ ಇದೆ, ಟಾಲ್ಕಿನಲ್ಲಿ ಅದೂ ಇಲ್ಲ. ಸುಮ್ನೆ ಒಂದರ ಮೇಲೊಂದು ಕೂತಿವೆ. ಹಾಗಾಗಿ ಗಟ್ಟಿತನದಲ್ಲಿ ಅದು 1, ಅಭ್ರಕ ಎರಡೂವರೆ. ಕಗ್ಗಲ್ಲಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಮೂರೂ ಕಾಳುಕಾಳಾಗಿ ಹೆಣೆದುಕೊಂಡಿವೆ. ಬಿಸಿಲಲ್ಲಿ ಚಪ್ಪಡಿ ತಿರುಗಿಸಿದರೆ ಫಳ್ ಅಂತ ಮಿಂಚುವುದು ಫೆಲ್ಡ್‌ಸ್ಪಾರಿನ ಸೀಳಿದ ಮುಖ, ಕನ್ನಡಿ ಥರ ಚಪ್ಪಟೆ. ಬೆಣಚಿಗೆ ಅಂಥ ಸೀಳುವ ದಿಕ್ಕೇ ಇಲ್ಲ, ಒಡೆದ ಗಾಜಿನ ಹಾಗೆ ಬಾಗಿ ಒಡೆಯುತ್ತದೆ.

ಇನ್ನೊಂದು, ಕಲ್ಲನ್ನು ತಟ್ಟಿ ಗಂಟೆ ನಾದ ಬರುತ್ತಾ ಅಂತ ಕೇಳಿ ಆರಿಸುತ್ತೀರಲ್ಲ, ಅದು ಹರಳಿನ ಪರೀಕ್ಷೆಯಲ್ಲ, ಒಳಗಿನ ಬಿರುಕಿನ ಪರೀಕ್ಷೆ. ಬಿರುಕಿದ್ದರೆ ನಾದ ಸಾಯುತ್ತದೆ.

ಉಳಿ ಸುತ್ತಿಗೆ

ಹೌದು ಸ್ವಾಮಿ. ಜಕಣಾಚಾರಿಗೆ ಕಲ್ಲೊಳಗಿನ ಕಪ್ಪೆ ಗೊತ್ತಾಗಲಿಲ್ಲ, ಮಗನಿಗೆ ಗೊತ್ತಾಯಿತು ಅನ್ನೋ ಕಥೆ ಕೇಳಿದಾಗೆಲ್ಲ ನಮ್ಮಪ್ಪ ಅನ್ನೋರು, ಆವತ್ತು ಅವರು ತಟ್ಟಿ ನೋಡಿಲ್ಲ ಕಣೋ ಅಂತ.

ತುಮಕೂರು ಸೈಕಲ್

ಕೈದಾಳ ನಮ್ಮೂರ ಪಕ್ಕದಲ್ಲೇ, ಕೈ ಮರಳಿ ಬಂದ ಜಾಗ. ಈಗ ನಾನೂ ಸೀರಿಯಸ್ ಆಗಿ ಕೇಳ್ತೀನಿ. ನಮ್ಮ ಚಿಕ್ಕಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿದ್ದರು. ವಾಚಿನ ಮೇಲೆ ಕ್ವಾರ್ಟ್ಜ್ ಅಂತ ಬರೆದಿರುತ್ತೆ. ಅಂದರೆ ಇದೇ ಬೆಣಚುಕಲ್ಲಾ? ಅದು ಟೈಮ್ ಹೇಗೆ ತೋರಿಸುತ್ತೆ?

ಕಲ್ಲು ಹುಚ್ಚಿ

ಅದೇ, ಆದರೆ ಕಾರ್ಖಾನೆಯಲ್ಲಿ ಬೆಳೆಸಿದ ಶುದ್ಧ ಹರಳು. ಬೆಣಚಿನಲ್ಲಿ ಒಂದು ಸಿಲಿಕಾನಿಗೆ ನಾಲ್ಕು ಆಕ್ಸಿಜನ್, ಆ ಗೋಪುರಗಳು ಮೂಲೆ ಮೂಲೆಗೆ ಸೇರಿ ಸುರುಳಿ ಮೆಟ್ಟಿಲಿನ ಹಾಗೆ ಸುತ್ತಿಕೊಂಡು ಹೋಗುತ್ತವೆ. ಎಡಕ್ಕೆ ಸುತ್ತುವ ಹರಳೂ ಇದೆ, ಬಲಕ್ಕೆ ಸುತ್ತುವುದೂ ಇದೆ. ಈ ಜೋಡಣೆಗೆ ನಡುಬಿಂದುವಿನ ಆಚೆ ಈಚೆ ಸಮ ಇಲ್ಲ. ಒತ್ತಿದಾಗ ಧನ ಮತ್ತು ಋಣ ವಿದ್ಯುತ್ತು ಎರಡೂ ಒಂದೇ ಸಮ ಸರಿಯಲ್ಲ, ಹರಳಿನ ಎರಡು ಬದಿಯಲ್ಲಿ ವಿದ್ಯುತ್ ಕಾಣಿಸಿಕೊಳ್ಳುತ್ತದೆ. ಪಿಯರ್ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಇದನ್ನು 1880ರಲ್ಲಿ ಕಂಡುಹಿಡಿದರು. ತಿರುಗಾಮುರುಗಾ ಮಾಡಿ ವಿದ್ಯುತ್ ಕೊಟ್ಟರೆ ಹರಳು ನಡುಗುತ್ತದೆ. ವಾಚಿನ ಹರಳನ್ನು ಸೆಕೆಂಡಿಗೆ 32,768 ಸಲ ನಡುಗುವ ಹಾಗೆ ಕತ್ತರಿಸಿರುತ್ತಾರೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತಾ ಬನ್ನಿ, ಸೆಕೆಂಡಿಗೆ ಸರಿಯಾಗಿ ಒಂದು ಟಿಕ್.

ಇನ್ನು ಎರಡು ಬೆಣಚುಕಲ್ಲನ್ನು ಕತ್ತಲೆ ಕೋಣೆಯಲ್ಲಿ ಜೋರಾಗಿ ಉಜ್ಜಿದರೆ ಒಳಗೆ ಮಂಕು ಬೆಳಕು ಬರುತ್ತೆ, ಸುಟ್ಟ ವಾಸನೆಯೂ ಬರುತ್ತೆ. ಚಿಕ್ಕವರಿದ್ದಾಗ ಯಾರೆಲ್ಲ ಮಾಡಿದ್ದೀರಿ?

ಬಂಗಾರಪೇಟೆ ಅಮ್ಮ

ನಾನು ಮಾಡಿದ್ದೇನೆ! ಮಂಚದ ಕೆಳಗೆ ಕೂತು! ಬೇರೆಯವರೂ ಮಾಡಿದ್ದಾರೆ ಅಂತಲೇ ಗೊತ್ತಿರಲಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ ಸೇರಿಸಲಾ? ಅತ್ತೆ ಸ್ಫಟಿಕ ಮಾಲೆ ಹಾಕಿಕೊಳ್ಳುತ್ತಾರೆ. ತಂಪು ಅಂತಾರೆ. ಅದು ನಂಬಿಕೆಯಾ, ನಿಜವಾ?

ಕೋಲಾರ ಮೇಷ್ಟ್ರು

ಸ್ಫಟಿಕ ಅಂದರೆ ಪಾರದರ್ಶಕವಾದ ಬೆಣಚೇ. ಮುಟ್ಟಿದರೆ ತಂಪು ಅನ್ನುವುದು ನಿಜ. ರೋಗದ ಮಾತು ನಾನು ಆಡಲ್ಲ. ಕ್ರಮವಾಗಿ ಜೋಡಿಸಿದ ಹರಳಿನಲ್ಲಿ ಪರಮಾಣುಗಳ ನಡುಕ ದೂರದವರೆಗೆ ಸಲೀಸಾಗಿ ಸಾಗುತ್ತದೆ, ಶಾಖ ಬೇಗ ಹರಿಯುತ್ತದೆ. ಗಾಜಿನಲ್ಲಿ ಅದು ದಾರಿ ತಪ್ಪಿ ಅಲ್ಲಲ್ಲೇ ಚದುರುತ್ತದೆ. ಬೆಣಚು ಗಾಜಿಗಿಂತ ಆರೇಳು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಅದಕ್ಕೇ ಕೆನ್ನೆಗೆ ಒತ್ತಿದರೆ ತಣ್ಣಗೆ. ಮಾಲೆ ಅಸಲಿಯಾ ಗಾಜಾ ಅಂತ ತಿಳಿಯಲು ಒಂದು ಗಾಜಿನ ಗೋಲಿ, ಒಂದು ಮಣಿ, ಎರಡನ್ನೂ ಒಂದೇ ಕಡೆ ಒಂದು ಗಂಟೆ ಇಟ್ಟು ಕೆನ್ನೆಗೆ ಮುಟ್ಟಿಸಿ ನೋಡಿ. ಒಳಗೆ ದುಂಡನೆ ಗಾಳಿಗುಳ್ಳೆ ಕಂಡರೆ ಪರೀಕ್ಷೆಯೇ ಬೇಡ, ಗಾಜು.

ಮಗಳಿಗೆ ರಜೆಯಲ್ಲಿ ಮಾಡಲು ಒಂದು ಕೆಲಸ. ಪಟಿಕವನ್ನು (ಆಲಂ, ಸ್ಫಟಿಕ ಅಲ್ಲ) ಬಿಸಿ ನೀರಿನಲ್ಲಿ ಇನ್ನು ಕರಗಲ್ಲ ಅನ್ನುವವರೆಗೆ ಕರಗಿಸಿ, ಸೋಸಿ, ಸಣ್ಣ ಹರಳೊಂದನ್ನು ದಾರದಲ್ಲಿ ಇಳಿಬಿಟ್ಟು, ಅಲ್ಲಾಡಿಸದೆ ಒಂದು ವಾರ ಬಿಡಲಿ. ಎಂಟು ಮುಖದ ಹರಳು ಬೆಳೆಯುತ್ತದೆ. ಪಕ್ಕದ ಲೋಟದಲ್ಲಿ ಉಪ್ಪು ಇಟ್ಟರೆ ಚೌಕ ಬರುತ್ತದೆ. ದೊಡ್ಡದಾಗಲಿ ಸಣ್ಣದಾಗಲಿ ಮುಖಗಳ ನಡುವಿನ ಕೋನ ಬದಲಾಗಲ್ಲ. 1669ರಲ್ಲಿ ಸ್ಟೀನೋ ಅನ್ನುವ ವಿಜ್ಞಾನಿ ಇದನ್ನು ಬರೀ ಹೊರಗಿನಿಂದ ನೋಡಿ ಹೇಳಿದ. ಒಳಗಿನ ಸಾಲುಗಳು ಎಕ್ಸ್‌ರೇ ಚುಕ್ಕಿಗಳಾಗಿ ಕಂಡದ್ದು 1912ರಲ್ಲಿ. ಮರುವರ್ಷವೇ ಬ್ರಾಗ್ ಅನ್ನುವ ವಿಜ್ಞಾನಿ ತಂದೆ ಮಗ ಉಪ್ಪಿನ ಜೋಡಣೆಯನ್ನು ಬಿಡಿಸಿದರು, 1915ರಲ್ಲಿ ನೊಬೆಲ್ ಬಂತು. ಮಗನಿಗೆ ಆಗ 25 ವರ್ಷ.

ಬಂಗಾರಪೇಟೆ ಅಮ್ಮ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಭಾನುವಾರ ಅತ್ತೆ ಮನೆಗೆ ಹೋಗಿ ಎಲ್ಲ ಮಾಡಿ ಬಂದೆವು.

ಬೆಂಕಿಪೊಟ್ಟಣದ್ದು ಮೇಷ್ಟ್ರು ಹೇಳಿದ ಹಾಗೇ ಹಾಳೆ ಹಾಳೆ. ಮಗಳು ಒಂದು ಚೂರಿನಿಂದ ಒಂಬತ್ತು ಹಾಳೆ ಬಿಡಿಸಿ ನೋಟ್ ಪುಸ್ತಕಕ್ಕೆ ಅಂಟಿಸಿದ್ದಾಳೆ. ಮಾವನ ಕಲ್ಲನ್ನು ಟೈಲ್ಸ್ ಹಿಂಬದಿಗೆ ಉಜ್ಜಿದೆವು, ಹಸಿರು ಕಪ್ಪು ಗೆರೆ. ಚುಕ್ಕಿಗಳಿಗೆ ಸೂಜಿ ಒತ್ತಿದರೆ ಚಿಟ್ ಅಂತ ಸಿಡಿದು ಕರೀ ಪುಡಿ. ಅವಳ ಮುಖ ಬಾಡಿತು.

ಆಮೇಲೆ ಕಲ್ಲನ್ನು ತಿರುಗಿಸಿದಾಗ ಒಂದು ಬಿರುಕಿನ ಪಕ್ಕ ಸಾಸಿವೆ ಕಾಳಿನ ಅರ್ಧದಷ್ಟು ಇನ್ನೊಂದು ಚುಕ್ಕಿ ಕಂಡಿತು. ಹೊಳಪು ಬೇರೆ ಥರ, ಸ್ವಲ್ಪ ಮಂಕು, ನೆರಳಿನಲ್ಲಿ ಹಿಡಿದರೂ ಅದೇ ಹಳದಿ. ಅದಕ್ಕೆ ಸೂಜಿ ಒತ್ತಿದಳು. ಪುಡಿಯಾಗಲಿಲ್ಲ. ಗುಳಿ ಬಿತ್ತು.

ಚಿಂತಾಮಣಿ ಅಕ್ಕಸಾಲಿ

ಅಕ್ಕಾ!! ಫೋಟೋ ಹಾಕಿ. ಗುಳಿಯ ಅಂಚು ಮೇಲೆದ್ದಿದೆಯಾ ನೋಡಿ, ಎದ್ದಿದ್ದರೆ ಅದು ಅದೇ.

ಬಂಗಾರಪೇಟೆ ಅಮ್ಮ

ಫೋಟೋ ತೆಗೆಯುವಷ್ಟರಲ್ಲಿ ಅತ್ತೆ ಬಂದು ಕಲ್ಲು ಕಿತ್ತುಕೊಂಡರು. "ಅವರು ಮೂವತ್ತು ವರ್ಷ ಇಟ್ಟುಕೊಂಡಿದ್ದನ್ನ ಸೂಜಿಯಲ್ಲಿ ಚುಚ್ತೀರಾ" ಅಂತ ಬೈದು, ತೊಳೆದು, ಕುಂಕುಮ ಹಚ್ಚಿ ಮತ್ತೆ ಗೂಡಿನಲ್ಲಿಟ್ಟಿದ್ದಾರೆ. ಟೈಲ್ಸ್ ಚೂರು ಮಾತ್ರ ನಮ್ಮ ಹತ್ತಿರ ಇದೆ.